ನರ ಕತ್ತರಿಸಿದರೂ ನಿಲ್ಲದ ಸದ್ದು

‘ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಎಡಗಿವಿಯಲ್ಲಿ ಜೀರುಂಡೆ ಶುರುವಾಗುತ್ತದೆ. ಆ ಕಿವಿಗೆ ಫೋನ್ ಹಿಡಿದರೆ ಮಾತೂ ತುಸು ಮಂದ. ಒಳಗೆ ಏನು ಹೊಕ್ಕಿದೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅಂಥದೇ ಜೀರುಂಡೆ ನನ್ನ ಎಡಗಿವಿಯಲ್ಲೂ ಬೀಡುಬಿಟ್ಟಿರುವುದರಿಂದ ಉತ್ತರಿಸಲು ಉತ್ಸಾಹ ಸ್ವಲ್ಪ ಹೆಚ್ಚೇ.

ಏನೂ ಹೊಕ್ಕಿಲ್ಲ. ಈ ಮೊರೆತ ಬಹುಮಟ್ಟಿಗೆ ಮಿದುಳಿನದೇ ಸೃಷ್ಟಿ. ಅದಕ್ಕಿರುವ ಸಾಕ್ಷಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಶ್ರವಣನರಕ್ಕೆ ಅಂಟಿಕೊಂಡು ಬೆಳೆದ ಗಡ್ಡೆಯನ್ನು ತೆಗೆಯುವಾಗ ಕೆಲವೊಮ್ಮೆ ಆ ನರವನ್ನೇ ಕತ್ತರಿಸಬೇಕಾಗುತ್ತದೆ. ಅಲ್ಲಿಗೆ ಕಿವಿಗೂ ಮಿದುಳಿಗೂ ನಂಟು ಕಡಿಯಿತು. ಆ ಕಿವಿ ಪೂರ್ತಿ ಕಿವುಡು. ಆದರೂ ಎಷ್ಟೋ ರೋಗಿಗಳಿಗೆ ಅದೇ ಕಿವಿಯಲ್ಲಿ ಮೊರೆತ ಕೇಳುತ್ತಲೇ ಇರುತ್ತದೆ!

ಕಾರಣ? ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ವಯಸ್ಸು, ಪಟಾಕಿ, ಡಿಜೆ ಅಬ್ಬರಗಳಿಗೆ ಅವು ಸಾಯುತ್ತವೆ. ಕೋಳಿಗಾದರೆ ಮತ್ತೆ ಹುಟ್ಟುತ್ತವೆ, ನಮಗೆ ಆ ಭಾಗ್ಯವಿಲ್ಲ. ಕೆಲವು ಸ್ವರಗಳ ಸುದ್ದಿಯೇ ಬಾರದಾದಾಗ, ಸ್ಟೇಷನ್ ಸಿಗದ ರೇಡಿಯೊಗೆ ವಾಲ್ಯೂಮ್ ಏರಿಸಿದಂತೆ ಮಿದುಳು ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ. ಆಗ ಅದರದೇ ಗೊರಗೊರ ಕೇಳತೊಡಗುತ್ತದೆ ಎಂಬುದು ಈಗಿನ ಪ್ರಬಲ ವಿವರಣೆ. ನಿಶ್ಶಬ್ದವಿದ್ದರೆ ಹೆಚ್ಚಿನವರಿಗೆ ಇದು ತಪ್ಪಿದ್ದಲ್ಲ: 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ನೆಟ್ಟಗಿದ್ದ 80 ಮಂದಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದಾಗ ಶೇ 94ರಷ್ಟು ಜನ ಏನೋ ಒಂದು ಸದ್ದು ಕೇಳಿಸಿತೆಂದರು.

ಇನ್ನು ಎರಡು ಕಿವಿಗಳ ತಾರತಮ್ಯ. ಒಂದು ಸದ್ದು ಎರಡೂ ಕಿವಿ ಮುಟ್ಟುವ ವೇಳೆಯಲ್ಲಿ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಅಂತರವಿದ್ದರೂ ಮಿದುಳು ಅದನ್ನು ಹಿಡಿಯಬಲ್ಲದು. ದಿಕ್ಕು ತಿಳಿಯಲು ಅದರ ಜೊತೆಗೆ ಸದ್ದಿನ ಏರುತಗ್ಗನ್ನೂ ತಾಳೆ ನೋಡುತ್ತದೆ. ಒಂದು ಕಿವಿ ಮಂದವಾದರೆ ಈ ಲೆಕ್ಕ ಒಳ್ಳೆಯ ಕಿವಿಯತ್ತ ವಾಲುತ್ತದೆ. ಎಡಮನೆಯ ಕುಕ್ಕರ್ ಕೂಗಿದರೆ ನಾನು ಬಲಕ್ಕೆ ತಿರುಗುವುದು ಹೀಗೆ. ಸಮಾಧಾನದ ಸಂಗತಿಯೆಂದರೆ, ಒಂದು ಕಿವಿಯನ್ನು ದಿನಗಟ್ಟಲೆ ಮುಚ್ಚಿಟ್ಟ ಪ್ರಯೋಗಗಳಲ್ಲಿ ಮಿದುಳು ಹೊಸ ಲೆಕ್ಕವನ್ನು ತಕ್ಕಮಟ್ಟಿಗೆ ಕಲಿತುಕೊಂಡಿದೆ.

ಕಿವಿ ಗುಂಯ್‌ಗುಟ್ಟಿದರೆ ಯಾರೋ ನಮ್ಮ ಮಾತಾಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ 1ನೇ ಶತಮಾನದಲ್ಲೇ ಬರೆದಿಟ್ಟ. ನಂಬಿದರೆ ನಷ್ಟವಿಲ್ಲ. ಆದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ? ಮಿದುಳಿನ ಸದ್ದಿಗೆ ಕಿವಿಗೆ ಎಣ್ಣೆ ಹೊಯ್ಯುವುದು ಯಾವ ಸೀಮೆಯ ವೈದ್ಯ! ಚರ್ಮ ಸುಡಬಹುದು, ತಮಟೆಯಲ್ಲಿ ತೂತಿದ್ದರೆ ಸೋಂಕು ಒಳಗಿಳಿಯಬಹುದು.

ಬದಲಿಗೆ ರಾತ್ರಿ ಫ್ಯಾನ್ ತಿರುಗಲಿ. ಹೊರಗಿನ ಸಣ್ಣ ಸದ್ದಿದ್ದರೆ ಒಳಗಿನದು ಹಿಂದೆ ಸರಿಯುತ್ತದೆ. ಕೇಳುವಿಕೆ ಕುಗ್ಗಿದವರಿಗೆ ಶ್ರವಣಯಂತ್ರ ಮೊರೆತವನ್ನೂ ತಗ್ಗಿಸುವುದುಂಟು. ಪತ್ರ ಬರೆದವರಂತೆ ಒಂದೇ ಕಿವಿಯ ತೊಂದರೆಯಿದ್ದರೆ ಇಎನ್‌ಟಿ ವೈದ್ಯರನ್ನು ಕಂಡು ಆಡಿಯೊಗ್ರಾಮ್ ಮಾಡಿಸಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಪರೀಕ್ಷೆಯಿದೆ. ಕಿವಿ ದಿಢೀರನೆ ಮಂದವಾದರಂತೂ ಅಂದೇ ಹೊರಡಿ. ಅದಕ್ಕೆ ಚಿಕಿತ್ಸೆ ನಾಟುವುದು ಮೊದಲ ಕೆಲವು ದಿನಗಳಲ್ಲೇ.