ಪೆಟ್ಲುಪ್ಪು: ಒಂದು ಶಬ್ದದ ಅರ್ಥವಿಚಾರ

ರಸಾಯನಶಾಸ್ತ್ರಜ್ಞರು ಪೊಟ್ಯಾಸಿಯಂ ನೈಟ್ರೇಟ್ ಎಂದು ಕರೆಯುವ ಲವಣಕ್ಕೆ ಕನ್ನಡದಲ್ಲಿ ಪೆಟ್ಲುಪ್ಪು ಎಂಬ ಹೆಸರುಂಟು. ಯವಕ್ಷಾರ, ಸುವರ್ಚಿಕಾ ಮೊದಲಾದ ಸಂಸ್ಕೃತಪದಗಳಿಗೂ ಈ ಅರ್ಥವನ್ನೇ ಹೇಳುವ ರೂಢಿ ಕೆಲವೆಡೆ ಕಂಡುಬರುತ್ತದೆ. ಈ ಪದಗಳೆಲ್ಲವೂ ಒಂದೇ ವಸ್ತುವಿನ ಹೆಸರುಗಳೆಂದು ಒಪ್ಪಿದಲ್ಲಿ, ಭರತಖಂಡದಲ್ಲಿ ಕೋವಿಮದ್ದು ಅತಿ ಪ್ರಾಚೀನಕಾಲದಿಂದ ಇದ್ದಿತೆಂದು ಸಾಧಿಸುವುದು ಸುಲಭವಾಗುತ್ತದೆ. ಆದುದರಿಂದ ಇವುಗಳ ಅರ್ಥವನ್ನು ವಿವೇಚಿಸುವುದು ಅವಶ್ಯಕವಾಗಿದೆ.

ಮೊದಲು ವಸ್ತುವಿನ ಲಕ್ಷಣವನ್ನು ನೋಡೋಣ. ಪೆಟ್ಲುಪ್ಪು ಸುಮಾರು 334 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕರಗುತ್ತದೆ; ಇನ್ನೂ ಹೆಚ್ಚಾಗಿ ಕಾಯಿಸಿದರೆ ತನ್ನಲ್ಲಿರುವ ಆಮ್ಲಜನಕದ ಒಂದಂಶವನ್ನು ಹೊರಗೆಡಹಿ ನೈಟ್ರೈಟ್ ಆಗಿ ಮಾರ್ಪಡುತ್ತದೆ. ಕೆಂಡದ ಮೇಲೆ ಎರಚಿದರೆ ಕೆಂಡವು ಭುಗಿಲೆಂದು ಉರಿಯುವುದು ಈ ಕಾರಣದಿಂದಲೇ. ಇಂತಹ ಲವಣಕ್ಕೆ ಉತ್ಕರ್ಷಕವೆಂದು ಹೆಸರು. ಹೊರಗಿನ ಗಾಳಿ ಸೇರದ ನಳಿಗೆಯೊಳಗೂ ಗಂಧಕವೂ ಇದ್ದಲೂ ಉರಿಯಬಲ್ಲುದು ಇದರ ಬಲದಿಂದ. ಕೋವಿಮದ್ದಿನ ನೂರು ಭಾಗಗಳಲ್ಲಿ ಸಾಮಾನ್ಯವಾಗಿ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಲು, 10 ಭಾಗ ಗಂಧಕ ಇರುತ್ತವೆ.

ಕನ್ನಡದ ಹೆಸರು ಈ ಗುಣವನ್ನೇ ಹಿಡಿದಿದೆ. ಪೆಟ್ಲು ಎಂದರೆ ಸದ್ದಿನೊಡನೆ ಸಿಡಿಯುವ ಸಾಧನ; ಮಕ್ಕಳು ಬಿದಿರಿನ ಕೊಳವೆಯಲ್ಲಿ ಕಾಯಿಯನ್ನಿಟ್ಟು ಹಾರಿಸುವ ಆಟಿಕೆಗೂ ಇದೇ ಹೆಸರು. ಪೆಟ್ಲು, ಉಪ್ಪು ಎಂಬೆರಡು ಪದಗಳು ಲೋಪಸಂಧಿಯಿಂದ ಕೂಡಿ ಪೆಟ್ಲುಪ್ಪು ಎಂದಾಗಿದೆ. ತಮಿಳಿನ ವೆಡಿಯುಪ್ಪು ಎಂಬ ಪದದ ರಚನೆಯೂ ಇಂತಹುದೇ. ವೆಡಿ ಎಂದರೆ ಸಿಡಿತ. ಹಿಂದಿಯ ಶೋರಾ ಎಂಬುದಾದರೋ ಪಾರಸಿಯಿಂದ ಬಂದು, ಚೌಳುನೆಲದಲ್ಲಿ ಹುಟ್ಟುವ ವಸ್ತುವೆಂಬುದನ್ನು ಸೂಚಿಸುತ್ತದೆ. ಒಂದು ಹೆಸರು ಪ್ರಯೋಜನದಿಂದ, ಇನ್ನೊಂದು ಉತ್ಪತ್ತಿಸ್ಥಾನದಿಂದ ಬಂದಿದ್ದರೂ ಎರಡೂ ಹೇಳುವ ವಸ್ತು ಒಂದೇ.

ಯವಕ್ಷಾರದ ವಿಷಯ ಹೀಗಲ್ಲ. ಹೆಸರೇ ಹೇಳುವಂತೆ ಅದು ಜವೆಯ ಗಿಡವನ್ನು ಸುಟ್ಟ ಬೂದಿಯಿಂದ ತೆಗೆದ ಕ್ಷಾರ. ಅದರಲ್ಲಿ ಮುಖ್ಯವಾಗಿರುವುದು ಪೊಟ್ಯಾಸಿಯಂ ಕಾರ್ಬೊನೇಟ್. ಅದರ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ನೊರೆಯೇಳುತ್ತದೆ, ಕೆಂಡದ ಮೇಲೆ ಹಾಕಿದರೆ ಭುಗಿಲೇಳುವುದಿಲ್ಲ. ಪೆಟ್ಲುಪ್ಪಿನ ನಡತೆ ಇದಕ್ಕೆ ನೇರವಾಗಿ ವಿರುದ್ಧ. ಸುವರ್ಚಿಕಾ ಎಂಬುದು ವೈದ್ಯಗ್ರಂಥಗಳಲ್ಲಿ ಸರ್ಜಿಕಾಕ್ಷಾರ, ಅಂದರೆ ಸೋಡಿಯಂ ಕಾರ್ಬೊನೇಟ್. ಅದೂ ಉತ್ಕರ್ಷಕವಲ್ಲ.

ಇಂತಹ ತೊಡಕು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಗ್ರೀಕರ ನೈಟ್ರಾನ್ ಎಂಬುದು ಮೂಲದಲ್ಲಿ ಸೋಡಾಕ್ಷಾರವಾಗಿದ್ದು, ಅದರಿಂದ ಹುಟ್ಟಿದ ನೈಟರ್ ಎಂಬ ಪದವು ಮುಂದೆ ಪೆಟ್ಲುಪ್ಪಿಗೆ ರೂಢವಾಯಿತು. 1611ರ ಇಂಗ್ಲಿಷ್ ಬೈಬಲಿನ ಜ್ಞಾನೋಕ್ತಿಗಳಲ್ಲಿ ನೈಟರಿನ ಮೇಲೆ ಹುಳಿರಸವನ್ನು ಸುರಿಯುವ ಉಪಮಾನವೊಂದಿದೆ. ಪೆಟ್ಲುಪ್ಪೆಂದು ತಿಳಿದು ಓದಿದರೆ ಉಪಮಾನವು ನಿರರ್ಥಕವಾಗುತ್ತದೆ. ಸೋಡಾಕ್ಷಾರವೆಂದರೆ ನೊರೆಯುಕ್ಕುವ ಚಿತ್ರ ಸ್ಪಷ್ಟವಾಗುತ್ತದೆ.

ಇನ್ನು ಶುಕ್ರನೀತಿ. ಅದರ ಅಗ್ನಿಚೂರ್ಣದ ಯೋಗದಲ್ಲಿ ಸುವರ್ಚಿಲವಣ ಐದು ಪಲ, ಗಂಧಕ ಒಂದು ಪಲ, ಇದ್ದಲು ಒಂದು ಪಲ ಎಂದಿದೆ. ಇದರ ಆಧಾರದಿಂದ ಗುಸ್ತಾವ್ ಒಪ್ಪರ್ಟರು 1880ರಲ್ಲಿ ಪ್ರಾಚೀನ ಹಿಂದೂಗಳಿಗೆ ಕೋವಿಮದ್ದು ತಿಳಿದಿತ್ತೆಂದು ವಾದಿಸಿದರು. ಈ ಪ್ರಮಾಣವನ್ನು ನೋಡಿದರೆ ಲವಣವು ನೂರಕ್ಕೆ 71 ಭಾಗವಾಗುತ್ತದೆ. ಇಲ್ಲಿ ಆ ಪದಕ್ಕೆ ಪೆಟ್ಲುಪ್ಪೆಂದೇ ಅರ್ಥವಾಗತಕ್ಕದ್ದು, ಸೋಡಾಕ್ಷಾರದಿಂದ ಆ ಚೂರ್ಣ ಸಿಡಿಯಲಾರದು. ಆದರೆ ಅರ್ಥವು ನಿರ್ಣಯವಾದ ಮಾತ್ರಕ್ಕೆ ಕಾಲವು ನಿರ್ಣಯವಾಗದು. ನಮಗೆ ದೊರೆತಿರುವ ಶುಕ್ರನೀತಿಯು ಹತ್ತೊಂಬತ್ತನೆಯ ಶತಮಾನದ ರಚನೆಯೆಂದು ಲಲ್ಲನ್‌ಜೀ ಗೋಪಾಲರು 1962ರಲ್ಲಿ ಪ್ರತಿಪಾದಿಸಿದ್ದಾರೆ. ಈ ಯೋಗದಲ್ಲಿ ಸಿಕ್ಕ ಅರ್ಥವನ್ನು ಹಿಂದಿನ ವೈದ್ಯಗ್ರಂಥಗಳ ಸುವರ್ಚಿಕೆಗೆ ಹಚ್ಚುವುದಂತೂ ಸರ್ವಥಾ ಯುಕ್ತವಲ್ಲ.

ಹೀಗಾಗಿ ಹಳೆಯ ಗ್ರಂಥಗಳಲ್ಲಿ ಕ್ಷಾರಲವಣಗಳ ಹೆಸರು ಬಂದಾಗ, ಆ ವಸ್ತುವನ್ನು ಯಾವುದರಿಂದ ತೆಗೆದರು, ಅದರಿಂದ ಏನು ಕೆಲಸ ಮಾಡಿಸಿದರು ಎಂಬುದನ್ನು ಸಂದರ್ಭದಿಂದ ತಿಳಿದು ಅರ್ಥಹೇಳಬೇಕು. ಯವಕ್ಷಾರವನ್ನು ಜವೆಯ ಬೂದಿಯ ಕ್ಷಾರವೆಂದೇ ಬಿಟ್ಟು, ಪೊಟ್ಯಾಸಿಯಂ ನೈಟ್ರೇಟಿಗೆ ಪೆಟ್ಲುಪ್ಪು ಎಂಬ ಕನ್ನಡದ ಮಾತನ್ನೇ ಮೀಸಲಾಗಿಡುವುದು ಲೇಸು.