ಬಹುಜನರ ಚದುರಂಗ ಮತ್ತು ಗುಟ್ಟಿನ ಗಣಿತ

ಚದುರಂಗವು ಇಬ್ಬರ ಆಟವೆಂಬುದು ಎಲ್ಲರಿಗೂ ತಿಳಿದ ಮಾತು. ಹಲಗೆಯ ಆಚೆಗೊಬ್ಬ, ಈಚೆಗೊಬ್ಬ. ಒಬ್ಬನ ಮನಸ್ಸಿನ ಹವಣಿಕೆ ಇನ್ನೊಬ್ಬನಿಗೆ ತಿಳಿಯದು. ಆದರೆ ಒಂದು ಪಕ್ಷದಲ್ಲಿ ಒಬ್ಬನಿಗೆ ಬದಲಾಗಿ ಸಾವಿರಾರು ಮಂದಿ ಕುಳಿತರೆ ಏನಾದೀತು? ಅವರು ಪ್ರತಿಯೊಂದು ನಡೆಯನ್ನೂ ಕುರಿತು ಚರ್ಚಿಸಬೇಕು, ಮತ ಹಾಕಬೇಕು, ಬಹುಮತ ಬಂದ ನಡೆಯನ್ನೇ ನಡೆಸಬೇಕು. ಅಂತರಜಾಲದಲ್ಲಿ ಇಂತಹ ಆಟವನ್ನು ಆಡುವ ಕೂಟಗಳು ಈಗ ಅನೇಕ ಉಂಟು. ಹಾಗೆ ಆಡುತ್ತಲೇ ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ನಾಣ್ಯಗಳ ಗೋಪ್ಯತೆಯನ್ನು ಕುರಿತು ವಾದ ಮಾಡುವವರೂ ಉಂಟು. ಮೇಲುನೋಟಕ್ಕೆ ಚದುರಂಗಕ್ಕೂ ಹಣಕ್ಕೂ ಯಾವ ನಂಟೂ ಕಾಣದು. ಆದರೂ ಎರಡರ ತಳದಲ್ಲಿರುವ ಪ್ರಶ್ನೆ ಒಂದೇ: ಯಾವುದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಇಡಬೇಕು, ಯಾವುದನ್ನು ಮರೆಮಾಡಬೇಕು? ಈ ಲೇಖನದಲ್ಲಿ ಆ ಪ್ರಶ್ನೆಯನ್ನೂ, ಅದಕ್ಕೆ ಗಣಿತವು ಕೊಟ್ಟಿರುವ ಉತ್ತರವನ್ನೂ ಪರಿಶೀಲಿಸೋಣ.

ಒಬ್ಬನಿಗೆದುರಾಗಿ ಜಗತ್ತು

ಬಹುಜನರ ಚದುರಂಗದಲ್ಲಿ ಅತ್ಯಂತ ಪ್ರಸಿದ್ಧವಾದ ಪಂದ್ಯವು ೧೯೯೯ನೆಯ ಇಸವಿಯ ಜೂನ್ ೨೧ರಂದು ಆರಂಭವಾಯಿತು. ಬಿಳಿಯ ಕಾಯಿಗಳ ಪಕ್ಷದಲ್ಲಿ ಆ ಕಾಲದ ಅತಿ ಪ್ರಬಲ ಆಟಗಾರರಾದ ಗ್ಯಾರಿ ಕ್ಯಾಸ್ಪರೋವ್; ಕಪ್ಪು ಕಾಯಿಗಳ ಪಕ್ಷದಲ್ಲಿ 'ಜಗತ್ತು'. ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಲ್ಲಿ ಏರ್ಪಡಿಸಿದ ಈ ಪಂದ್ಯದಲ್ಲಿ ೭೫ಕ್ಕೂ ಹೆಚ್ಚು ದೇಶಗಳ ೫೦,೦೦೦ಕ್ಕೂ ಹೆಚ್ಚು ಜನರು ಭಾಗವಹಿಸಿದರು. ಅವರಿಗೆ ದಾರಿ ತೋರಲು ನಾಲ್ವರು ಎಳೆಯ ಆಟಗಾರರು ಸಲಹೆಗಾರರಾಗಿದ್ದರು. ಅವರಲ್ಲಿ ಒಬ್ಬಳಾದ ಐರಿನಾ ಕ್ರಷ್ ಎಂಬ ಅಮೆರಿಕದ ಹುಡುಗಿಗೆ ಆಗ ೧೫ ವರ್ಷ. ಹತ್ತನೆಯ ನಡೆಯಲ್ಲಿ ಮಂತ್ರಿಯನ್ನು ಮುಂದಕ್ಕೆ ತರುವ ಹೊಸದೊಂದು ಯೋಚನೆಯನ್ನು ಆಕೆ ಸೂಚಿಸಿದಳು; ಜಗತ್ತು ಅದನ್ನು ಒಪ್ಪಿತು. ಅಲ್ಲಿಂದ ಮುಂದೆ ಆಟವು ಹಿಂದೆ ಯಾರೂ ಕಾಣದ ಕವಲುಗಳಲ್ಲಿ ಹರಿಯಿತು. ನಾಲ್ಕು ತಿಂಗಳ ತರುವಾಯ, ಅಕ್ಟೋಬರ್ ೨೨ರಂದು, ಕ್ಯಾಸ್ಪರೋವರ ೬೨ನೆಯ ನಡೆಯಾದ ಮೇಲೆ ಜಗತ್ತು ಸೋಲನ್ನು ಒಪ್ಪಿಕೊಂಡಿತು.

ಮೊದಲು ನಮ್ಮ ಗಮನವನ್ನು ಸೆಳೆಯಬೇಕಾದುದು ಜಗತ್ತು ಸೋತದ್ದಲ್ಲ, ಅಷ್ಟು ದೂರ ಸರಿಸಮನಾಗಿ ಹೋರಾಡಿದ್ದು. ಮತದಾರರಲ್ಲಿ ಬಹುಪಾಲು ಮಂದಿ ಸಾಮಾನ್ಯ ಆಟಗಾರರು. ಅಂತಹವರ ಗುಂಪಿಗೆ ಈ ಬಲ ಎಲ್ಲಿಂದ ಬಂತು?

ಬಹುಮತದ ಬಲ

ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ೧೭೮೫ರಲ್ಲಿಯೇ ಇದಕ್ಕೆ ಉತ್ತರವನ್ನು ಸೂಚಿಸಿದ್ದನು. ಎರಡು ನಡೆಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದಿಟ್ಟುಕೊಳ್ಳೋಣ. ಸರಿಯಾದುದನ್ನು ಆರಿಸುವ ಸಂಭವನೀಯತೆ ಪ್ರತಿಯೊಬ್ಬನಿಗೂ ೦.೬ ಇರಲಿ. ಮೂವರು ಮತ ಹಾಕಿದಾಗ ಬಹುಮತವು ಸರಿಯಾಗಿರಬೇಕಾದರೆ ಮೂವರೂ ಸರಿಯಾಗಿರಬೇಕು, ಇಲ್ಲವೆ ಇಬ್ಬರು ಸರಿಯಾಗಿದ್ದು ಒಬ್ಬನು ತಪ್ಪಿರಬೇಕು. ಮೊದಲನೆಯದರ ಸಂಭವನೀಯತೆ ೦.೨೧೬, ಎರಡನೆಯದರದು ೦.೪೩೨, ಒಟ್ಟು ೦.೬೪೮. ಒಬ್ಬನಿಗಿಂತ ಮೂವರು ಮೇಲು. ಮತದಾರರು ೧೦೧ ಮಂದಿಯಾದರೆ ಬಹುಮತವು ನೂರರಲ್ಲಿ ಸುಮಾರು ೯೮ ಸಲ ಸರಿಯಾಗಿರುತ್ತದೆ!

ಆದರೆ ಈ ಲೆಕ್ಕಕ್ಕೆ ಎರಡು ನಿಬಂಧನೆಗಳಿವೆ. ಒಬ್ಬನಿಗೆ ಒಂದೇ ಮತವಿರಬೇಕು; ಪ್ರತಿಯೊಬ್ಬನೂ ಸ್ವತಂತ್ರವಾಗಿ ನಿರ್ಧರಿಸಬೇಕು. ಒಬ್ಬನೇ ಐವತ್ತೊಂದು ಮತಗಳನ್ನು ಹಾಕಿದರೆ ನೂರೊಂದು ಮಂದಿಯ ತೀರ್ಪು ಒಬ್ಬನ ತೀರ್ಪಾಗುತ್ತದೆ. ಸಂಭವನೀಯತೆ ಮತ್ತೆ ೦.೬ಕ್ಕೆ ಇಳಿಯುತ್ತದೆ. ಎಣಿಕೆ ನಡೆಯುತ್ತಿರುವಾಗಲೇ ಅದನ್ನು ಎಲ್ಲರಿಗೂ ತೋರಿಸಿದರೆ ತಡವಾಗಿ ಬಂದವರು ಮುಂದಿರುವ ನಡೆಗೇ ತಮ್ಮ ಮತವನ್ನೂ ಸೇರಿಸುತ್ತಾರೆ. ಆಗಲೂ ಸಾವಿರ ತಲೆಗಳಿದ್ದು ಪ್ರಯೋಜನವಿಲ್ಲ. ಮತದ ಗೋಪ್ಯತೆ ಕೇವಲ ಸಂಕೋಚದ ವಿಷಯವಲ್ಲ, ಗುಂಪಿನ ಬುದ್ಧಿಗೆ ಅದೇ ಆಧಾರವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೂರು ತೊಡಕುಗಳು

೧೯೯೯ರ ಪಂದ್ಯದಲ್ಲಿ ಈ ನಿಬಂಧನೆಗಳು ಪರೀಕ್ಷೆಗೊಳಗಾದುವು. ೫೧ನೆಯ ನಡೆಯ ಸಂದರ್ಭದಲ್ಲಿ ಒಬ್ಬರೇ ಅನೇಕ ಮತಗಳನ್ನು ತುಂಬಿದರೆಂಬ ಆಪಾದನೆ ಎದ್ದಿತು. ಅದನ್ನು ಖಂಡಿತವಾಗಿ ಅಲ್ಲಗಳೆಯಲು ಸಾಮಾನ್ಯ ಮತದಾರನಿಗೆ ಯಾವ ಸಾಧನವೂ ಇರಲಿಲ್ಲ. ಜಗತ್ತಿನ ಪಕ್ಷದ ಚರ್ಚೆಯು ಬಹಿರಂಗವಾಗಿ ನಡೆಯುತ್ತಿದ್ದುದರಿಂದ ಎದುರಾಳಿಗೂ ಅದು ದೊರೆಯುತ್ತಿತ್ತು. ತಾವು ಅದನ್ನು ಓದುತ್ತಿದ್ದುದಾಗಿ ಕ್ಯಾಸ್ಪರೋವರೇ ಆಮೇಲೆ ಒಪ್ಪಿಕೊಂಡರು. ಇನ್ನು ಮತಗಳ ಎಣಿಕೆ ನಡೆಯುತ್ತಿದ್ದುದು ಏರ್ಪಾಟುಗಾರರ ಯಂತ್ರದಲ್ಲಿ. ಅವರು ಹೇಳಿದ ಸಂಖ್ಯೆಯನ್ನು ನಂಬುವುದೊಂದೇ ದಾರಿಯಾಗಿತ್ತು.

ಒಬ್ಬನಿಗೆ ಒಂದೇ ಮತವೆಂಬ ಖಾತರಿ ಬೇಕು. ಆದರೆ ಯಾರು ಯಾವ ಮತ ಹಾಕಿದರೆಂಬುದು ತಿಳಿಯಬಾರದು. ಎಣಿಕೆಯನ್ನು ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು. ಆದರೆ ಅವಧಿ ಮುಗಿಯುವವರೆಗೆ ಅದು ಮುಚ್ಚಿರಬೇಕು. ಈ ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣುವುವಷ್ಟೆ? ಹಣದ ಪ್ರಪಂಚದಲ್ಲಿಯೂ ಇದೇ ವಿರೋಧವಿದೆ.

ತೆರೆದಿಟ್ಟ ಲೆಕ್ಕದ ಪುಸ್ತಕ

ಬಿಟ್‌ಕಾಯಿನ್ನಿನ ವಿವರಣಾ ಪ್ರಬಂಧವು ಸತೋಷಿ ನಾಕಾಮೊಟೊ ಎಂಬ ಗುಪ್ತನಾಮದಲ್ಲಿ ೨೦೦೮ರ ಅಕ್ಟೋಬರ್ ೩೧ರಂದು ಪ್ರಕಟವಾಯಿತು. ನಾಣ್ಯವು ೨೦೦೯ರ ಜನವರಿಯಲ್ಲಿ ಚಲಾವಣೆಗೆ ಬಂತು. ಇಲ್ಲಿ ಬ್ಯಾಂಕಿಲ್ಲ, ಶಾನುಭೋಗನಿಲ್ಲ. ಪ್ರತಿಯೊಂದು ಪಾವತಿಯೂ ಒಂದೇ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತದೆ; ಆ ಪುಸ್ತಕದ ಪ್ರತಿಗಳು ಲೋಕದಾದ್ಯಂತ ಸಾವಿರಾರು ಗಣಕಗಳಲ್ಲಿವೆ. ಮುಂದಿನ ಪುಟವನ್ನು ಬರೆಯುವವರು ಯಾರು? ತಲೆಗೊಂದು ಮತವೆಂದರೆ ಒಬ್ಬನೇ ಸಾವಿರ ಹೆಸರುಗಳನ್ನು ಇಟ್ಟುಕೊಂಡು ಬಂದಾನು. ಆದುದರಿಂದ ತಲೆಗಳ ಬದಲು ಗಣಕಗಳು ಮಾಡಿದ ಕೆಲಸವನ್ನು ಅಳೆಯುವ ಪದ್ಧತಿಯನ್ನು ಇಟ್ಟರು. ಸುಳ್ಳು ಹೆಸರು ಬಿಟ್ಟಿಯಾಗಿ ಸಿಗುತ್ತದೆ, ವಿದ್ಯುತ್ತಿಗೆ ಬೆಲೆ ತೆರಬೇಕು.

ಕ್ರಿಪ್ಟೋ ನಾಣ್ಯವೆಂದರೆ ಪೂರ್ಣ ಗುಟ್ಟಿನ ಹಣವೆಂದು ಅನೇಕರು ತಿಳಿದಿದ್ದಾರೆ. ಬಿಟ್‌ಕಾಯಿನ್ನಿನ ಮಟ್ಟಿಗೆ ಇದು ಸರಿಯಲ್ಲ. ಅಲ್ಲಿ ಜನರ ಹೆಸರಿಲ್ಲ, ಗುಪ್ತನಾಮಗಳಂತಿರುವ ವಿಳಾಸಗಳಿವೆ. ಆದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತೆಂಬುದನ್ನು ಯಾರು ಬೇಕಾದರೂ ಓದಬಹುದು. ೨೦೧೦ರ ಮೇ ೨೨ರಂದು ಅಮೆರಿಕದಲ್ಲಿ ಒಬ್ಬನು ೧೦,೦೦೦ ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾಗಳನ್ನು ಪಡೆದನು. ಆ ಪಾವತಿಯ ಸಾಲು ಆ ಪುಸ್ತಕದಲ್ಲಿ ಇಂದಿಗೂ ಇದೆ. ಒಂದು ವಿಳಾಸವು ಇಂಥವನದೆಂದು ಒಮ್ಮೆ ತಿಳಿದರೆ ಅವನ ಹಿಂದಿನ ವ್ಯವಹಾರಗಳೂ ಬಯಲಾಗಬಹುದು. ಮೂರು ವಿಳಾಸಗಳಲ್ಲಿದ್ದ ಚಿಲ್ಲರೆಯನ್ನು ಕೂಡಿಸಿ ಒಂದೇ ಪಾವತಿ ಮಾಡಿದರೆ, ಮೂರೂ ಒಬ್ಬನವೇ ಇರಬೇಕೆಂದು ನೋಡುವವರು ಊಹಿಸುತ್ತಾರೆ.

ಈ ಬಹಿರಂಗತೆಯಿಂದ ಒಳಿತೂ ಆಗಿದೆ. ೨೦೧೬ರ ಆಗಸ್ಟಿನಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರದಿಂದ ೧,೧೯,೭೫೪ ಬಿಟ್‌ಕಾಯಿನ್‌ಗಳು ಕಳವಾದುವು. ಪುಸ್ತಕದಲ್ಲಿದ್ದ ಜಾಡನ್ನು ಹಿಡಿದು ಹೊರಟ ಅಮೆರಿಕದ ಅಧಿಕಾರಿಗಳು ೨೦೨೨ರ ಫೆಬ್ರವರಿಯಲ್ಲಿ ೯೪,೦೦೦ಕ್ಕೂ ಹೆಚ್ಚನ್ನು ವಶಪಡಿಸಿಕೊಂಡರು. ಆದರೆ ಕಳ್ಳನ ಜಾಡನ್ನು ತೋರುವ ಪುಸ್ತಕವೇ ಸಂಬಳಗಾರನ ಸಂಬಳವನ್ನೂ ರೋಗಿಯ ಔಷಧದ ಖರ್ಚನ್ನೂ ಊರಿಗೆಲ್ಲ ತೋರಬಹುದು. ಇದೇ ಇಲ್ಲಿನ ಇಕ್ಕಟ್ಟು.

ಮುಚ್ಚಿದ ಲಕೋಟೆ

ಈ ಇಕ್ಕಟ್ಟಿನಿಂದ ಪಾರಾಗುವ ಮೊದಲ ಉಪಾಯವನ್ನು ಚದುರಂಗವೇ ಬಹಳ ಕಾಲದಿಂದ ಬಲ್ಲದು. ಹಿಂದೆ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸುವ ಪದ್ಧತಿಯಿತ್ತು. ರಾತ್ರಿಯೆಲ್ಲ ಯೋಚಿಸುವ ಅನುಕೂಲ ಒಬ್ಬನಿಗೇ ದೊರೆಯಬಾರದೆಂದು, ನಡೆಸಬೇಕಾದವನು ತನ್ನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ತೀರ್ಪುಗಾರನಿಗೆ ಕೊಡುತ್ತಿದ್ದನು. ೧೯೭೨ರಲ್ಲಿ ರೆಕ್ಯಾವಿಕ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ ೨೧ನೆಯ ಆಟದಲ್ಲಿ ಸ್ಪಾಸ್ಕಿ ತಮ್ಮ ೪೧ನೆಯ ನಡೆಯನ್ನು ಹೀಗೆ ಮುಚ್ಚಿಟ್ಟು, ಮರುದಿನ ದೂರವಾಣಿಯಲ್ಲಿ ಫಿಶರ್‌ಗೆ ಸೋಲೊಪ್ಪಿಕೊಂಡರು. ಮುಚ್ಚಿದ ಲಕೋಟೆಯ ಗುಣಗಳು ಎರಡು: ಒಳಗಿರುವುದು ಎದುರಾಳಿಗೆ ಕಾಣದು, ಬರೆದವನು ಅದನ್ನು ಬದಲಾಯಿಸಲಾರನು.

ತೀರ್ಪುಗಾರನಿಲ್ಲದೆಯೂ ಇಂತಹ ಲಕೋಟೆಯನ್ನು ಗಣಿತದಿಂದ ಮಾಡಬಹುದು. ಅದಕ್ಕೆ ಬೇಕಾದುದು ಹ್ಯಾಷ್ ಎಂಬ ಏಕಮುಖ ಕ್ರಿಯೆ. ಬೀಸುವ ಕಲ್ಲಿನಲ್ಲಿ ರಾಗಿ ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ಕಾಳು ಬರುವುದಿಲ್ಲ. ಹಾಗೆಯೇ ಒಂದು ವಾಕ್ಯವನ್ನು ಈ ಕ್ರಿಯೆಗೆ ಒಳಪಡಿಸಿದರೆ ನಿಯತ ಉದ್ದದ ಒಂದು ಸಂಖ್ಯೆ ಬರುತ್ತದೆ. ಸಂಖ್ಯೆಯಿಂದ ವಾಕ್ಯಕ್ಕೆ ಹಿಂದಿರುಗಲು ದಾರಿಯಿಲ್ಲ. ವಾಕ್ಯದಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಪೂರ್ತಿಯಾಗಿ ಬೇರೆಯಾಗುತ್ತದೆ. ಬಿಟ್‌ಕಾಯಿನ್ ಬಳಸುವುದು ೨೫೬ ಬಿಟ್ಟುಗಳ ಉತ್ತರ ಕೊಡುವ ಇಂತಹ ಒಂದು ಕ್ರಿಯೆಯನ್ನೇ.

ಇಲ್ಲಿ ಚತುರ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಚದುರಂಗದ ಒಂದು ಸ್ಥಿತಿಯಲ್ಲಿ ನಿಯಮಬದ್ಧ ನಡೆಗಳು ಸಾಮಾನ್ಯವಾಗಿ ಮೂವತ್ತು ನಲವತ್ತು ಮಾತ್ರ. ಎದುರಾಳಿಯು ಪ್ರತಿಯೊಂದನ್ನೂ ಬೀಸಿ ನೋಡಿ, ಯಾವುದರ ಹಿಟ್ಟು ನಮ್ಮದಕ್ಕೆ ಹೋಲುತ್ತದೆಂದು ಕಂಡುಕೊಳ್ಳಬಹುದಲ್ಲ? ಆಕ್ಷೇಪವು ಸರಿಯಾದುದೇ. ಅದಕ್ಕಾಗಿ ನಡೆಯ ಜೊತೆಗೆ, ಮನಬಂದಂತೆ ಆರಿಸಿದ ಮೂವತ್ತು ಅಂಕಿಗಳ ಒಂದು ಸಂಖ್ಯೆಯನ್ನೂ ಬೆರೆಸಿ ಬೀಸಬೇಕು. ಆಗ ಎದುರಾಳಿಯ ಯಂತ್ರವು ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆಗಳನ್ನು ಪರೀಕ್ಷಿಸಿದರೂ, ಒಂದೇ ನಡೆಯ ಎಲ್ಲ ಸಾಧ್ಯತೆಗಳನ್ನು ಮುಗಿಸಲು ಮೂರು ಸಾವಿರ ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಬೇಕು. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷ! ಅವಧಿ ಮುಗಿದ ಮೇಲೆ ಮತದಾರನು ನಡೆಯನ್ನೂ ಸಂಖ್ಯೆಯನ್ನೂ ಪ್ರಕಟಿಸಿದರೆ ಯಾರು ಬೇಕಾದರೂ ಬೀಸಿ ಪರೀಕ್ಷಿಸಬಹುದು.

ಕಾಣದೆ ಹಾಕಿದ ಸಹಿ

ಒಬ್ಬನಿಗೆ ಒಂದೇ ಮತವೆಂಬುದನ್ನು ಹೆಸರು ಬಯಲಾಗದಂತೆ ಸಾಧಿಸುವುದು ಹೇಗೆ? ಡೇವಿಡ್ ಚಾಮ್ ಎಂಬ ಅಮೆರಿಕದ ವಿಜ್ಞಾನಿ ೧೯೮೨ರಲ್ಲಿ ಸೂಚಿಸಿದ ಉಪಾಯವನ್ನು ಕಾರ್ಬನ್ ಕಾಗದದ ಲಕೋಟೆಯಿಂದ ವಿವರಿಸಬಹುದು. ಮತದಾರನು ತನ್ನ ಚೀಟಿಯನ್ನು ಒಳಗೆ ಕಾರ್ಬನ್ ಅಂಟಿಸಿದ ಲಕೋಟೆಯಲ್ಲಿಟ್ಟು ಅಧಿಕಾರಿಗೆ ಕೊಡುತ್ತಾನೆ. ಅಧಿಕಾರಿಯು ಪಟ್ಟಿಯಲ್ಲಿ ಅವನ ಹೆಸರನ್ನು ಗುರುತು ಹಾಕಿ, ಲಕೋಟೆಯನ್ನು ತೆರೆಯದೆ ಹೊರಗಿನಿಂದಲೇ ಸಹಿ ಮಾಡುತ್ತಾನೆ. ಸಹಿಯು ಒಳಗಿನ ಚೀಟಿಯ ಮೇಲೆ ಮೂಡುತ್ತದೆ. ಮತದಾರನು ಚೀಟಿಯನ್ನು ಹೊರತೆಗೆದು, ಹೆಸರಿಲ್ಲದೆ ಪೆಟ್ಟಿಗೆಗೆ ಹಾಕುತ್ತಾನೆ. ಚೀಟಿ ಅಧಿಕೃತವೆಂಬುದು ನಿಶ್ಚಯ. ಯಾರದೆಂಬುದು ಅಧಿಕಾರಿಗೂ ತಿಳಿಯದು. ಚಾಮ್ ಇದೇ ತತ್ತ್ವದ ಮೇಲೆ ಗುಟ್ಟಿನ ಹಣವನ್ನೂ ರೂಪಿಸಿ ೧೯೮೯ರಲ್ಲಿ ಡಿಜಿಕ್ಯಾಶ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆಯು ೧೯೯೮ರಲ್ಲಿ ದಿವಾಳಿಯಾಯಿತು, ತತ್ತ್ವ ಉಳಿಯಿತು.

ಗುಂಪಿನಲ್ಲಿ ಗೋವಿಂದ

ಪಟ್ಟಿ ಇಡುವ ಅಧಿಕಾರಿಯೇ ಇಲ್ಲದಿದ್ದರೆ? ಭಜನೆಯ ಗುಂಪಿನಲ್ಲಿ 'ಗೋವಿಂದ' ಎಂದವನು ಯಾರೆಂದು ಬೇರೆ ಮಾಡಿ ಹೇಳುವುದು ಕಷ್ಟ. ರಿವೆಸ್ಟ್, ಶಮೀರ್ ಮತ್ತು ತೌಮನ್ ೨೦೦೧ರಲ್ಲಿ ಪ್ರಕಟಿಸಿದ ಉಂಗುರ ಸಹಿಯ ತತ್ತ್ವವು ಇದೇ. ಸಹಿಯನ್ನು ಪರೀಕ್ಷಿಸಿದವನಿಗೆ, ಗುಂಪಿನಲ್ಲಿ ಯಾರೋ ಒಬ್ಬನು ಇದನ್ನು ಮಾಡಿದ್ದಾನೆಂಬುದು ಮಾತ್ರ ತಿಳಿಯುತ್ತದೆ. ೨೦೧೪ರಲ್ಲಿ ಆರಂಭವಾದ ಮೊನೆರೊ ಎಂಬ ನಾಣ್ಯವು ಪಾವತಿ ಮಾಡಿದವನನ್ನು ಹೀಗೆ ಗುಂಪಿನಲ್ಲಿ ಮರೆಮಾಡಿತು. ೨೦೨೨ರ ಆಗಸ್ಟಿನಲ್ಲಿ ಗುಂಪಿನ ಗಾತ್ರವನ್ನು ಹದಿನಾರಕ್ಕೆ ಏರಿಸಿದರು. ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡದಂತೆ ಪ್ರತಿಯೊಂದು ಸಹಿಯ ಜೊತೆಗೆ ಒಂದು ಮುದ್ರೆ ಇರುತ್ತದೆ. ಅದು ಯಜಮಾನನ ಹೆಸರನ್ನು ಹೇಳದು. ಆದರೆ ಅದೇ ನಾಣ್ಯ ಮತ್ತೆ ಬಂದರೆ ಅದೇ ಮುದ್ರೆ ಬಂದು ಮೋಸ ಬಯಲಾಗುತ್ತದೆ. 'ನಾಣ್ಯ' ಎಂದಿರುವ ಕಡೆ 'ಮತ' ಎಂದು ಓದಿದರೆ ೫೧ನೆಯ ನಡೆಯ ಕಾಲದಲ್ಲಿ ಜಗತ್ತಿನ ಪಕ್ಷಕ್ಕೆ ಬೇಕಾಗಿದ್ದ ಸಾಧನವು ಇದೇ ಎಂದು ತಿಳಿಯುತ್ತದೆ.

ಇದಕ್ಕಿಂತ ಮುಂದಿನ ಹೆಜ್ಜೆ 'ಶೂನ್ಯಜ್ಞಾನ ಸಾಧನೆ'. ಗೋಲ್ಡ್‌ವಾಸರ್, ಮಿಕಾಲಿ ಮತ್ತು ರ‍್ಯಾಕಾಫ್ ೧೯೮೫ರಲ್ಲಿ ಇದನ್ನು ನಿರೂಪಿಸಿದರು: ಒಂದು ಹೇಳಿಕೆ ನಿಜವೆಂದು ಒಪ್ಪಿಸಬಹುದು, ಬೇರೇನನ್ನೂ ತಿಳಿಸದೆ. ೨೦೧೬ರಲ್ಲಿ ಬಂದ ಝೀಕ್ಯಾಶ್ ನಾಣ್ಯದಲ್ಲಿ ಕೊಟ್ಟವನು, ಪಡೆದವನು, ಮೊತ್ತ ಮೂರನ್ನೂ ಮುಚ್ಚಿಟ್ಟೇ ಲೆಕ್ಕ ಸರಿಯಿದೆಯೆಂದು ತೋರಿಸಬಹುದು.

ಗಣಿತದ ಎಲ್ಲೆ

ಹಾಗಾದರೆ ಎಲ್ಲ ತೊಡಕುಗಳೂ ತೀರಿದುವೆ? ಇಲ್ಲ. ಮತವನ್ನು ಮುಚ್ಚಬಹುದು, ಚರ್ಚೆಯನ್ನು ಮುಚ್ಚುವುದು ಕಷ್ಟ. ಆರು ಕಿವಿಗೆ ಬಿದ್ದ ಗುಟ್ಟು ನಿಲ್ಲದೆಂದು ಹಿರಿಯರು ಹೇಳುತ್ತಾರೆ. ಐವತ್ತು ಸಾವಿರ ಮಂದಿಯಲ್ಲಿ ಎದುರಾಳಿಯ ಸ್ನೇಹಿತನೊಬ್ಬನು ಇದ್ದೇ ಇರುತ್ತಾನೆ. ಮತವನ್ನು ಮಾರಿಕೊಳ್ಳಲು ಹೊರಟವನನ್ನಾಗಲಿ, ತಾನು ಯೋಚಿಸದೆ ಗಣಕ ಹೇಳಿದ ನಡೆಗೆ ಮತ ಹಾಕುವವನನ್ನಾಗಲಿ ಈ ಸೂತ್ರಗಳು ತಡೆಯಲಾರವು. ಕಾಂಡೋರ್ಸೆಯ ಲೆಕ್ಕದಲ್ಲಿಯೂ ಒಬ್ಬೊಬ್ಬನ ಸಂಭವನೀಯತೆ ೦.೫ಕ್ಕಿಂತ ಕೆಳಗಿಳಿದರೆ ಗುಂಪು ದೊಡ್ಡದಾದಷ್ಟೂ ತೀರ್ಪು ಕೆಡುತ್ತದೆ. ಹಣದ ವಿಷಯದಲ್ಲಿ ಎಷ್ಟು ಗುಟ್ಟು ನ್ಯಾಯವೆಂಬುದನ್ನು ಸಮಾಜವು ನಿರ್ಧರಿಸಬೇಕೇ ಹೊರತು ಸಮೀಕರಣವು ನಿರ್ಧರಿಸದು. ಗಣಿತವು ತೋರಿಸಿಕೊಟ್ಟಿರುವುದು ಇಷ್ಟು: ಲೆಕ್ಕವನ್ನು ಎಲ್ಲರೂ ಪರೀಕ್ಷಿಸಬೇಕೆಂದರೆ ಪ್ರತಿಯೊಬ್ಬನ ಗುಟ್ಟನ್ನೂ ಬಿಟ್ಟುಕೊಡಲೇಬೇಕೆಂಬ ನಿರ್ಬಂಧವಿಲ್ಲ.

ಆಸಕ್ತ ವಿದ್ಯಾರ್ಥಿಗಳು ಇದನ್ನು ಗಣಕವಿಲ್ಲದೆಯೇ ಪ್ರಯೋಗಿಸಿ ನೋಡಬಹುದು. ಒಂದು ತರಗತಿಯು ತಮ್ಮಲ್ಲಿನ ಒಳ್ಳೆಯ ಆಟಗಾರನೊಬ್ಬನ ಎದುರು ಮತದಿಂದ ಆಡಲಿ: ಒಂದು ಆಟದಲ್ಲಿ ಕೈಯೆತ್ತಿ, ಇನ್ನೊಂದರಲ್ಲಿ ಮಡಿಸಿದ ಚೀಟಿಗಳಿಂದ. ಎರಡರಲ್ಲಿಯೂ ಪ್ರತಿಯೊಂದು ನಡೆಗೆ ಬಿದ್ದ ಮತಗಳನ್ನು ಗುರುತು ಹಾಕಿಕೊಂಡು ಹೋಲಿಸಿದರೆ, ಒಬ್ಬರನ್ನು ನೋಡಿ ಒಬ್ಬರು ಕೈಯೆತ್ತುವುದರಿಂದ ಗುಂಪಿನ ತೀರ್ಪು ಎಷ್ಟು ಬದಲಾಗುತ್ತದೆಂಬುದು ಅವರ ಕಣ್ಣಿಗೇ ಕಾಣುವುದು.