ಅಜ್ಜನ ಜಾವಾ ಗಾಡಿಯೂ ಅದರ ಕಾರ್ಬುರೇಟರೂ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಚಾರ ಬರೆಯ ಹೊರಟಿರುವನೇ ಎಂದು ವಾಚಕರು ನಗಬಹುದು. ಆದರೆ ಹೋದ ಬೇಸಗೆಯಲ್ಲಿ ನಮ್ಮ ತಂದೆಯವರು ಕೋಗಾರ ಘಟ್ಟವನ್ನಿಳಿದು ಬರುತ್ತಿದ್ದಾಗ, ಅಜ್ಜನ ಕಾಲದ ಜಾವಾ ಮೋಟಾರು ಸೈಕಲಿನ ಎಂಜಿನ್ನು ಓಡುತ್ತಿದ್ದಂತೆಯೇ ಕಚ್ಚಿಕೊಂಡು ನಿಂತಿತು. ಹಿಂದಿನ ಗಾಲಿ ತಿರುಗದೆ ರಸ್ತೆಯ ಮೇಲೆ ಜಾರತೊಡಗಿತು. ಥಟ್ಟನೆ ಕ್ಲಚ್ಚು ಹಿಡಿದುದರಿಂದ ಅವರು ಉಳಿದರು. ಅಂದಿನಿಂದ ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು: ಗಾಡಿಯನ್ನು ಗುಜರಿಗೆ ಕೊಡಬೇಕೆಂಬುದು ಆಯಿಯ ಪಕ್ಷ, ದುರಸ್ತಿ ಮಾಡಿಸಬೇಕೆಂಬುದು ಅಪ್ಪನ ಪಕ್ಷ. ತಪ್ಪು ಎಲ್ಲಿದೆಯೆಂದು ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು.

ಜಾವಾ ಮೂಲತಃ ಚೆಕೊಸ್ಲೊವಾಕಿಯ ದೇಶದ ಗಾಡಿ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿ ಸ್ಥಾಪನೆಯಾಗಿ, ಮರುವರ್ಷದಿಂದ ಗಾಡಿಗಳು ಅಲ್ಲಿಯೇ ತಯಾರಾಗತೊಡಗಿದವು. 1973ರ ಮೇಲೆ ಅವಕ್ಕೆ ಯೆಜ್ದಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಅವು ಬೇರೆಯೇ ಗಾಡಿಗಳು, ಅವುಗಳ ಸಾಮಾನು ನಮ್ಮದಕ್ಕೆ ಒದಗುವುದಿಲ್ಲ.

ಅಜ್ಜನ ಗಾಡಿ ಟೂ ಸ್ಟ್ರೋಕ್ ಜಾತಿಯದು. ಅದರ ಸಿಲಿಂಡರಿಗೆ ಬೇರೆ ಎಣ್ಣೆಯ ವ್ಯವಸ್ಥೆಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಸವರಿಕೊಳ್ಳಬೇಕು. ನಾವು ಹತ್ತು ಲೀಟರು ಪೆಟ್ರೋಲಿಗೆ ಅರ್ಧ ಲೀಟರು ಎಣ್ಣೆ ಹಾಕುತ್ತೇವೆ. ಪೆಟ್ರೋಲು ಕಡಮೆಯಾಯಿತೆಂದರೆ ಎಣ್ಣೆಯೂ ಕಡಮೆಯಾಯಿತೆಂದೇ ಅರ್ಥ. ಆದುದರಿಂದ ಇಂಥ ಗಾಡಿಯಲ್ಲಿ ಸವೆದ ಕಾರ್ಬುರೇಟರು ಬರಿಯ ಮೈಲೇಜಿನ ಪ್ರಶ್ನೆಯಲ್ಲ.

ಕಾರ್ಬುರೇಟರಿನ ತತ್ತ್ವ ಅತ್ತರು ಚಿಮುಕಿಸುವ ಶೀಸೆಯದೇ. ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ತುಂತುರಾಗುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಕೊರಳಿಗೆ ಅಡ್ಡವಾಗಿ ಸ್ಲೈಡೆಂಬ ಕೊಳವೆಯಾಕಾರದ ಬಾಗಿಲಿದೆ. ಎಕ್ಸಲೇಟರು ತಿರುವಿದರೆ ಅದು ಮೇಲೇರುತ್ತದೆ, ಅದಕ್ಕೆ ತೂಗುಬಿದ್ದ ಚೂಪು ಸೂಜಿಯೂ ಏರಿ ಪೆಟ್ರೋಲಿಗೆ ದಾರಿ ಬಿಡುತ್ತದೆ.

ದಶಕಗಳ ಕಾಲ ಏರಿಳಿದು ನಮ್ಮ ಸ್ಲೈಡೂ ಅದರ ಗೂಡೂ ಸವೆದಿದ್ದವು. ಬಾಗಿಲು ಮುಚ್ಚಿದ್ದರೂ ಸಂದಿಯಲ್ಲಿ ಕಳ್ಳಗಾಳಿ ನುಗ್ಗುತ್ತಿತ್ತು. ಸೂಜಿಯ ರಂಧ್ರವೂ ಹಿಗ್ಗಿದ್ದುದರಿಂದ ನಡುವೇಗದಲ್ಲಿ ಪೆಟ್ರೋಲು ಮಿತಿಮೀರಿ ಬರುತ್ತಿತ್ತು. ಒಂದೇ ಯಂತ್ರ ಒಮ್ಮೆ ಉಪವಾಸ, ಒಮ್ಮೆ ಅಜೀರ್ಣ! ಹಿಂದೆ ಒಂದು ಕಡೆ ತೋರಿಸಿದಾಗ ದೊಡ್ಡ ಜೆಟ್ಟು ಹಾಕಿಕೊಟ್ಟಿದ್ದರು. ದೊಡ್ಡ ಜೆಟ್ಟಿನ ಅಧಿಕಾರ ಎಕ್ಸಲೇಟರು ಪೂರ್ತಿ ತಿರುವಿದಾಗ ಮಾತ್ರ. ಘಟ್ಟವಿಳಿಯುವಾಗಲೋ ಬಾಗಿಲು ಮುಚ್ಚಿರುತ್ತದೆ, ಗಾಲಿಯ ಓಟಕ್ಕೆ ಎಂಜಿನ್ನು ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಹೋಗುವ ಎಣ್ಣೆ ಮೊದಲೇ ಸ್ವಲ್ಪ. ಕಳ್ಳಗಾಳಿಯೂ ಸೇರಿದರೆ ಪಿಸ್ಟನ್ನು ಬಿಸಿಯೇರಿ ಹಿಗ್ಗಿ ಕಚ್ಚಿಕೊಳ್ಳದೆ ಇನ್ನೇನಾದೀತು?

ಭಟ್ಕಳದ ವೃದ್ಧ ಮೆಕ್ಯಾನಿಕರೊಬ್ಬರು ಸ್ಲೈಡನ್ನು ಗೂಡಿನಲ್ಲಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿದರು. ಕಟಕಟವೆಂದಿತು. "ಬಾಗಿಲೇ ಸಡ್ಲ ಆಗದೆ ತಮಾ, ಜೆಟ್ ಬದಲ್ಸಿ ಏನ್ ಮಾಡ್ತೆ?" ಎಂದರು. ಫ್ಲೋಟನ್ನೂ ಹಾಗೆಯೇ ಅಲ್ಲಾಡಿಸಿ, ಒಳಗೆ ಪೆಟ್ರೋಲು ತುಳುಕುವುದಿಲ್ಲವೆಂದು ಖಾತ್ರಿಪಡಿಸಿಕೊಂಡರು. ಬಟ್ಟಲಿನ ತಳದಲ್ಲಿ ಬಿಳಿಯ ಪುಡಿ ಕೂತಿತ್ತು. ಅದು ನಮ್ಮ ಕರಾವಳಿಯ ತೇವದ ಕೊಡುಗೆ.

ಮೊದಲು ಹೊಸ ಸ್ಲೈಡು ಮಾತ್ರ ತಂದೆವು. ಹಣ ದಂಡವಾಯಿತು. ಗೂಡನ್ನು ವರ್ನಿಯರಿನಿಂದ ಎರಡು ದಿಕ್ಕಿನಲ್ಲಿ ಅಳೆದಾಗ ಸುಮಾರು 0.2 ಮಿಲಿಮೀಟರು ವ್ಯತ್ಯಾಸ ಬಂತು, ಗುಂಡಗಿರಬೇಕಾದುದು ಮೊಟ್ಟೆಯಾಕಾರವಾಗಿತ್ತು. ಇದನ್ನು ಮೊದಲೇ ಅಳೆಯದಿದ್ದುದು ನನ್ನದೇ ತಪ್ಪು. ಲೇತಿನಲ್ಲಿ ಗೂಡನ್ನು ಕೊರೆದು ತೋಳು ಕೂರಿಸಿ, ಅದಕ್ಕೆ ಸರಿಯಾಗಿ ಸ್ಲೈಡು ಮಾಡಿಸುವುದೇ ನಿಜವಾದ ದುರಸ್ತಿ. ಆದರೆ ಅಷ್ಟು ನಯದ ಕೈಕೆಲಸ ನಮಗೆ ಹತ್ತಿರದಲ್ಲಿ ದೊರೆಯಲಿಲ್ಲ. ಕಡೆಗೆ ಅದೇ ಮಾದರಿಯ ಹೊಸ ಕಾರ್ಬುರೇಟರನ್ನೇ ತರಿಸಿದೆವು, ಪಿಸ್ಟನ್ನನ್ನೂ ಬದಲಿಸಿದೆವು.

ಹೊಸದನ್ನು ಕೂರಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ. ಎಥನಾಲ್ ಉರಿಯಲು ಒಂಬತ್ತು ಪಾಲು ಗಾಳಿ ಸಾಕು. ಆದುದರಿಂದ ಹಳೆಯ ಲೆಕ್ಕದ ಜೆಟ್ಟಿಗೆ ಈ ಮಿಶ್ರಣ ತೆಳುವಾಗುತ್ತದೆ. ಅದು ನೀರನ್ನೂ ಹೀರುತ್ತದೆ. ಸೂಜಿಯನ್ನು ಒಂದು ಗಾಡಿಯಷ್ಟು ಮೇಲೆತ್ತಿ ಕಟ್ಟಿ, ಅರ್ಧ ಎಕ್ಸಲೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಎಂಜಿನ್ನು ನಿಲ್ಲಿಸಿ ಪ್ಲಗ್ಗು ಬಿಚ್ಚಿ ನೋಡಿದೆವು. ಬಿಳುಪಾಗಿದ್ದರೆ ಉಪವಾಸ, ಮಸಿಯಾಗಿದ್ದರೆ ಅಜೀರ್ಣ. ಮೂರನೆಯ ಸಲಕ್ಕೆ ಕಾಫಿಪುಡಿಯ ಬಣ್ಣ ಬಂತು.

ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಇಡುವಾಗ ಬಟ್ಟಲನ್ನು ಬರಿದು ಮಾಡುತ್ತೇವೆ. ಘಟ್ಟವಿಳಿಯುವಾಗ ಅಪ್ಪ ಆಗಾಗ ಕ್ಲಚ್ಚು ಹಿಡಿದು ಎಕ್ಸಲೇಟರನ್ನೊಮ್ಮೆ ತಿರುವಿ ಪಿಸ್ಟನ್ನಿಗೆ ಎಣ್ಣೆ ಉಣಿಸುತ್ತಾರೆ. ಹಳೆಯ ಕಾರ್ಬುರೇಟರು ಅಜ್ಜನ ಪೆಟ್ಟಿಗೆಯಲ್ಲಿದೆ. ಒಳ್ಳೆಯ ಲೇತಿನವರು ಸಿಕ್ಕಿದರೆ ತೋಳು ಹಾಕಿಸಬೇಕೆಂದಿದ್ದೇನೆ. ಆಯಿ ಗುಜರಿಯ ಮಾತು ಬಿಟ್ಟಿದ್ದಾಳೆ, ಆದರೆ ಆ ಗಾಡಿಯ ಹಿಂದೆ ಕೂರಲು ಈಗಲೂ ಒಪ್ಪುವುದಿಲ್ಲ.